ಗಿಣ್ಣ ಹಂಚಿದ ದಿನ

ಅಂದು ಬೆಳಿಗ್ಗೆ ಎಂದಿನಂತೆ ದೋಸೆ ಎರೆದು, ಹೊಸಿಲಿಗೆ ರಂಗೋಲಿ ಇಟ್ಟೆ. ಹಿಂದಿನ ದಿನ ಕರು ಹಾಕಿದ್ದ ನಮ್ಮ ಜರ್ಸಿ ಹಸುವಿನ ಕೆಚ್ಚಲು ಬಿಗಿದಿತ್ತು. ಕರು ಕುಡಿದಾದ ಮೇಲೆ ಅತ್ತೆ ಕೊನೆಯ ಹನಿಯವರೆಗೂ ಹಿಂಡಿದರು. ಗಿಣ್ಣ ಮಾಡಿದರೆ ಅಕ್ಕಪಕ್ಕದ ಎಲ್ಲ ಮನೆಗೂ ಹೋಗಬೇಕು, ಅದು ನಮ್ಮ ಕೇರಿಯ ರೂಢಿ. ಏಲಕ್ಕಿ ಹಾಕಿ ಬೇಯಿಸಿ, ಡಬ್ಬಿಗಳಲ್ಲಿ ಕೊಟ್ಟು ಬಂದೆ.

ಮಧ್ಯಾಹ್ನ ಅಕ್ಕಿ ತೊಳೆದ ಅಕ್ಕಚ್ಚು ಹಿಡಿದು ಕೊಟ್ಟಿಗೆಗೆ ಹೋದರೆ ಹಸು ನೆಲ ಹಿಡಿದಿತ್ತು. ಕತ್ತನ್ನು ಹೊಟ್ಟೆಯತ್ತ ಮಡಚಿಕೊಂಡಿತ್ತು. ಕಿವಿ ಮುಟ್ಟಿದೆ, ತಣ್ಣಗಿತ್ತು. ಮೂತಿಯ ಮೇಲೆ ಸದಾ ಇರುವ ನೀರಿನ ಮಣಿಗಳು ಇರಲಿಲ್ಲ. ಕಣ್ಣಂಚಿಗೆ ನೊಣ ಕೂತರೂ ರೆಪ್ಪೆ ಅಲುಗಲಿಲ್ಲ.

"ಎಂತ ಆತೇ ಇದ್ಕೆ?" ಅತ್ತೆ ನನ್ನ ಹಿಂದೆಯೇ ಬಂದು ನಿಂತಿದ್ದರು.

ಮನೆಯವರು ಯಲ್ಲಾಪುರಕ್ಕೆ ಹೋಗಿದ್ದರು. ಸರ್ಕಾರಿ ಪಶು ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿದೆ. ಹಾವೇರಿ ಕಡೆಯವರು, ಎರಡು ಆಸ್ಪತ್ರೆಗೆ ಅವರೊಬ್ಬರೇ. ಹೇರೂರಿನಲ್ಲಿ ಕಾಲುಬಾಯಿ ರೋಗದ ಲಸಿಕೆ ಹಾಕುತ್ತಿದ್ದರು.

"ಹಾಲುಜ್ವರ ಇರಬೇಕ್ರಿ ಅಮ್ಮಾ. ಲಗೂನ ಕ್ಯಾಲ್ಸಿಯಂ ಏರಿಸಬೇಕು. ನಾ ಬರೂದ್ರಾಗ ತಡ ಆಗ್ತದ, ಆಂಬುಲೆನ್ಸೂ ಬ್ಯಾರೆ ಊರಿಗೆ ಹೋಗೇತಿ. ಶಿರಸಿ ಪ್ರೈವೇಟ್ ಡಾಕ್ಟರಿಗೆ ನಾನ ಹೇಳ್ತೀನಿ. ಅಲ್ಲೀತನಕ ಬಾಯಾಗ ಏನೂ ಹಾಕಬ್ಯಾಡ್ರಿ, ಉಸಿರಿಗೆ ಹೋಗ್ತದ."

ಅತ್ತೆ ಆಗಲೇ ಕಷಾಯ ತುಂಬಿದ ಬಿದಿರಿನ ಗೊಟ್ಟ ಹಿಡಿದು ನಿಂತಿದ್ದರು. ಅವರ ಕೈ ಹಿಡಿದುಕೊಂಡೆ. ಹಸು ಪಕ್ಕಕ್ಕೆ ಉರುಳದಂತೆ ಹುಲ್ಲಿನ ಮೂಟೆ ಒತ್ತಿಟ್ಟು ಕೂತೆವು. ರಸ್ತೆಯಲ್ಲಿ ಹೋದ ಪ್ರತಿ ಬೈಕಿನ ಸದ್ದಿಗೂ ಎದ್ದು ನೋಡಿದೆ. ಹಸುವಿನ ಉಸಿರಿನ ನಡುವೆ ಬಿಡುವು ಉದ್ದವಾಗುತ್ತಿತ್ತು. ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯೊಂದು ತಾನಾಗಿ ತುಟಿಗೆ ಬಂತು.

ಕೊನೆಗೂ ಪ್ರೈವೇಟ್ ಡಾಕ್ಟರು ಬಂದರು. ಕುತ್ತಿಗೆಗೆ ಸೂಜಿ ಚುಚ್ಚಿ, ಕ್ಯಾಲ್ಸಿಯಂ ಬಾಟಲಿ ನನ್ನ ಕೈಗೆ ಕೊಟ್ಟರು.

"ಮೇಲೆತ್ತಬೇಡಿ. ಬೇಗ ಇಳಿದರೆ ಎದೆಯೇ ನಿಂತು ಹೋಗ್ತದೆ."

ಸ್ಟೆತಸ್ಕೋಪ್ ಹಸುವಿನ ಎದೆಗಿಟ್ಟು ಅವರು ಕಿವಿಗೊಟ್ಟಿದ್ದರು. ನಾನು ಬಾಟಲಿಯ ಗುಳ್ಳೆಗಳನ್ನಷ್ಟೇ ನೋಡುತ್ತಿದ್ದೆ. ತೋಳು ಮರಗಟ್ಟಿತು. ಆಮೇಲೆ ಹಸುವಿನ ಮೈ ಒಮ್ಮೆ ಕಂಪಿಸಿತು. ತೇಗಿತು, ಸಗಣಿ ಹಾಕಿತು. ಮೂತಿಯಲ್ಲಿ ಸಣ್ಣ ಸಣ್ಣ ಮಣಿಗಳು ಮೂಡಿದವು. ಸಂಜೆಯ ಹೊತ್ತಿಗೆ ತೂರಾಡುತ್ತಲೇ ಎದ್ದು ನಿಂತಿತು.

"ಮತ್ತೆ ಬೀಳಲೂಬಹುದು," ಎಂದರು ಡಾಕ್ಟರು. "ಕೆಚ್ಚಲು ಪೂರ್ತಿ ಬರಿದು ಮಾಡಿದ್ದು ಹೆಚ್ಚಾಯ್ತು, ಹಾಲಿನ ಜೊತೆ ಮೈಯ ಕ್ಯಾಲ್ಸಿಯಂ ಹೋಗ್ತದೆ. ಇನ್ನೆರಡು ದಿನ ಕರುವಿಗೆ ಬೇಕಾದಷ್ಟೇ ಹಾಲು ತೆಗೆಯಿರಿ."

ಅವರು ಹೋದ ಮೇಲೂ ನಾನು ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಮತ್ತೆ ಮತ್ತೆ ಅದರ ಕಿವಿ ಮುಟ್ಟಿ ನೋಡುತ್ತಿದ್ದೆ. ಮಧ್ಯಾಹ್ನವಿಡೀ ಪೇಟೆಯಲ್ಲಿದ್ದ ಪಕ್ಕದ ಮನೆಯ ಅಕ್ಕ ಅಷ್ಟರಲ್ಲಿ ಖಾಲಿ ಡಬ್ಬಿ ಹಿಡಿದು ಬಂದರು.

"ಗಿಣ್ಣ ರಾಶಿ ಚೊಲೋ ಇತ್ತೇ ತಂಗಿ. ನಾಳೆ ಮಾಡಕಾರೆ ಬೆಲ್ಲ ಒಂಚೂರು ಜಾಸ್ತಿ ಹಾಕು."