ಗೋಡೆಯಾಚೆಯಿಂದ ಚಾಚಿದ ಕೈಗಳು

“ಕೂಸಿನ್ನ ಇತ್ತಾಗ ಕೊಡವ್ವಾ,” ಎಂದು ಪಕ್ಕದ ಮನೆಯ ಗೋಡೆಯ ಮೇಲಿಂದ ಎರಡು ಕೈಗಳು ಚಾಚಿಕೊಂಡಾಗ ನಾನು ಬೆಚ್ಚಿಬಿದ್ದೆ. ನಲವತ್ತರ ದಶಕದ ಮಾತು. ಮಾನ್ವಿಯಿಂದ ಬಂದು, ರಾಯಚೂರಿನ ಹೊರವಲಯದಲ್ಲಿ ಹೊಸದಾಗಿ ಕಟ್ಟಿದ ಮನೆಯೊಂದನ್ನು ಕೊಳ್ಳಲು ನೋಡುತ್ತಿದ್ದೆವು. ನಮ್ಮ ಯಜಮಾನರು ಹತ್ತಿ ಖರೀದಿಗೆಂದು ದೇವದುರ್ಗದ ಕಡೆ ಹೋದರೆ ದಿನಗಟ್ಟಲೆ ಬರುತ್ತಿರಲಿಲ್ಲ. ಗುರುತಿಲ್ಲದ ಜನರ ನಡುವೆ ಹಸುಗೂಸಿನೊಂದಿಗೆ ಒಬ್ಬಳೇ ಇರುವುದು ಹೇಗೆಂದು ನನಗೆ ಭಯ. ಆ ದಿನ ಅವರು ಒಳಗೆ ಮನೆ ನೋಡುತ್ತಿದ್ದರು, ನಾನು ಹಿತ್ತಲಲ್ಲಿ ನಿಂತಿದ್ದೆ. ಅಷ್ಟರಲ್ಲಿ ಕಂಕುಳಲ್ಲಿದ್ದ ಮಗಳು ಕಿರುಚಿ ಅಳತೊಡಗಿದ್ದಳು. ಏನು ಮಾಡಿದರೂ ಸುಮ್ಮನಾಗಲಿಲ್ಲ.

ಕೈ ಚಾಚಿದವರು ನನ್ನ ತಾಯಿಯ ವಯಸ್ಸಿನ ಮುಸ್ಲಿಂ ಹೆಂಗಸು. ಹಿಂದೆಮುಂದೆ ನೋಡದೆ ಮಗುವನ್ನು ಕೊಟ್ಟುಬಿಟ್ಟೆ. ಅವರು ಅದರ ಅಂಗಿ ಬಿಚ್ಚಿ, ಬೆನ್ನಿಗೆ ಕಚ್ಚಿಕೊಂಡಿದ್ದ ಕೆಂಪಿರುವೆಯನ್ನು ಕಿತ್ತು ಎಸೆದರು. ತಮ್ಮ ದಖನಿ ಉರ್ದುವಿನಲ್ಲಿ ಏನೋ ಗುನುಗುತ್ತ ತಮ್ಮ ಅಂಗಳದಲ್ಲಿ ಅಡ್ಡಾಡಿದರು. ಮಗಳು ಅವರ ಹೆಗಲ ಮೇಲೆಯೇ ನಿದ್ದೆಹೋದಳು.

“ಮಲಗಲಿ ಬಿಡವ್ವಾ. ನೀ ಸಾವಕಾಶ ಮನಿ ನೋಡು,” ಎಂದರು.

ಒಳಗೆಲ್ಲ ನೋಡಿ ಹಿತ್ತಲಿಗೆ ಬಂದ ಯಜಮಾನರು, “ಹೆಂಗದ ಮನಿ?” ಎಂದು ಕೇಳಿದರು.

“ಮನಿ ಇನ್ನಾ ನೋಡೇ ಇಲ್ರಿ. ಆದ್ರ ಇದನ್ನೇ ತಗೊಳ್ರಿ,” ಎಂದೆ.

ಅವರು ನಗುತ್ತಲೇ ಒಪ್ಪಿದರು. ನಾವು ಆ ಮನೆಯಲ್ಲೇ ಬಾಳಿದೆವು. ಮಗಳು ಎರಡೂ ಮನೆಗಳಲ್ಲಿ ಬೆಳೆದು ಎರಡೂ ಭಾಷೆ ಕಲಿತಳು. ನನ್ನ ಮೇಲೆ ಮುನಿಸಿಕೊಂಡ ದಿನ ಆ ತಾಯಿಯ ಹತ್ತಿರ ಹೋಗಿ, ನನಗೆ ಅರ್ಥವಾಗಬಾರದೆಂದು ದಖನಿಯಲ್ಲಿ ಚಾಡಿ ಹೇಳುತ್ತಿದ್ದಳು. ಅಷ್ಟು ಹೊತ್ತಿಗೆ ಅದು ನನಗೂ ಬರುತ್ತಿತ್ತು.