ಮಲ್ಲಾರಿಯ ಮೂವತ್ತು ಡಬ್ಬಿಗಳು

ನನ್ನ ಮಗಳು ಬಾಳಕ್ಕ ತೀರಿಕೊಂಡ ಸುದ್ದಿಯನ್ನು ಗಡಹಿಂಗ್ಲಜಕ್ಕೆ ತಂದವನು ಮಲ್ಲಾರಿ. ೧೯೮೮ರ ಮಾಘ ಮಾಸ. ಕೊಲ್ಹಾಪುರದಿಂದ ಮೊದಲ ಎಸ್.ಟಿ. ಬಸ್ಸಿಗೆ ಬಂದಿದ್ದ. ನಾನು ಪೂಜೆ ಮುಗಿಸಿ ವಿಭೂತಿಯ ಕೈಯಲ್ಲೇ ಬಾಗಿಲಿಗೆ ಹೋದೆ. ಅವನು ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡು ನಿಂತಿದ್ದ.

“ಮಾಸ್ತರ, ಅಕ್ಕಾರು ಹೋದ್ರು. ಎರಡ ದಿನದ ಜ್ವರ,” ಎಂದ. “ಅವರ ಕೆಲಸ ಅರ್ಧಕ್ಕ ನಿಂತದ್ದು ನನ್ನಿಂದ್ರಿ,” ಎಂದು ಕಟ್ಟೆಯ ಮೇಲೆ ಕುಸಿದ. ಆ ಮಾತನ್ನು ಕೇಳಿ ಅರ್ಥ ಮಾಡಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಒಂಬತ್ತು ತಿಂಗಳು ಕಳೆದಿವೆ. ಇಂದು ಭಾನುವಾರ, ಇನ್ನೂ ಮಬ್ಬುಗತ್ತಲೆ. ಅದೇ ಮಲ್ಲಾರಿಯ ಜೊತೆ ಕೊಲ್ಹಾಪುರದ ಒಂದು ಮಟನ್ ಅಂಗಡಿಗೆ ಬಂದಿದ್ದೇನೆ. ಲಿಂಗ ಕಟ್ಟಿದ ನಾನು ರಸ್ತೆಯ ಈಚೆಗೇ ಉಳಿಯುತ್ತೇನೆ. ಅವನು ಬರ್ಫ, ಅಂದರೆ ಮಂಜುಗಡ್ಡೆ, ತುಂಬಿದ ಚೀಲ ಹಿಡಿದು, ಕುಂಟುತ್ತ ಒಳಗೆ ಹೋಗುತ್ತಾನೆ.

“ಕಾಯ ಡಾಕ್ಟರ, ಆಜ ಕುಣಾಚಂ ಆಪರೇಶನ್?” ಇವತ್ತು ಯಾರ ಆಪರೇಶನ್ ಎಂದು ಅಂಗಡಿಯ ಭಾವುಸಾಹೇಬ ಅಣಕಿಸುತ್ತಾನೆ.

“ತುಝಂಚ!” ನಿನ್ನದೇ ಎನ್ನುತ್ತಾನೆ ಮಲ್ಲಾರಿ, ನಗದೆ.

ಟಗರು ಕೊಯ್ದ ಹತ್ತು ನಿಮಿಷದೊಳಗೆ ಅದರ ವೃಷಣದಿಂದ ಉಗುರಿನಷ್ಟು ತುಂಡು ತೆಗೆದು, ತೊಳೆದು, ಡಬ್ಬಿಗೆ ಹಾಕಿ, ಬರ್ಫದಲ್ಲಿ ಹುಗಿದು, ಸೈಕಲ್ ಮೇಲೆ ಬಾಳಕ್ಕ ಕೆಲಸ ಮಾಡುತ್ತಿದ್ದ ಸಂಶೋಧನಾಲಯಕ್ಕೆ ಮುಟ್ಟಿಸಬೇಕು. ತಡವಾದರೆ ತುಂಡು ಕೆಡುತ್ತದೆ. ಮೂವತ್ತು ಟಗರುಗಳ ತುಂಡು ಬೇಕು. ಮಲ್ಲಾರಿಗೆ ರಜೆಯ ದಿನ ಮಾತ್ರ ಸಾಧ್ಯ, ವಾರಕ್ಕೊಂದು. ಇವತ್ತಿನದು ಮೂವತ್ತನೆಯದು.

ಇದೆಲ್ಲ ಏತಕ್ಕೆಂದು ಮಗಳು ನನಗೊಮ್ಮೆ ಹೇಳಿದ್ದಳು. ದೇಹದ ಜೀವಕೋಶ ಒಂದು ಎರಡಾಗುವ ಹೊತ್ತಿಗೆ ಅದರೊಳಗೆ ಒಂದು ಪ್ರೋಟೀನು ತುಂಬಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಅಳಿಯುತ್ತದೆ. ಅದಕ್ಕೆ ಎರಡು ರೂಪಗಳಿರಬಹುದೆಂದು ಅವಳ ಎಣಿಕೆ. ಯಕೃತ್ತಿನಲ್ಲಿ ಯಾವ ರೂಪ, ಕರುಳಿನಲ್ಲಿ ಯಾವುದು, ವೃಷಣದಲ್ಲಿ ಯಾವುದು? ಆಯಾ ರೂಪಕ್ಕಷ್ಟೇ ಅಂಟುವ, ಹಸಿರಾಗಿ ಹೊಳೆಯುವ ಬಣ್ಣ ಹಾಕಿ ಅವಳು ನೋಡುತ್ತಿದ್ದಳು.

ಮಲ್ಲಾರಿಗೆ ಐವತ್ತೆರಡು. ಸುಳಕೂಡದ ಧನಗರರವನು. ಎಳವೆಯಿಂದ ಕುರಿಗಳ ಹಿಂದೆ ನಡೆದವನು, ಮೊಣಕಾಲು ಮುರಿದ ಮೇಲೆ ೧೯೭೪ರಲ್ಲಿ ಆ ಸಂಶೋಧನಾಲಯದಲ್ಲಿ ಜವಾನನಾದ. ಕುರಿಯ ಮೈಯೊಳಗೆ ಎಲ್ಲಿ ಏನಿದೆಯೆಂದು ಬಲ್ಲವನಾದ್ದರಿಂದ ಬಾಳಕ್ಕನಿಗೆ ತುಂಡು ತಂದುಕೊಡುವ ಕೆಲಸ ಅವನಿಗೇ ಬಂತು.

ಪ್ರಾಣಿಯನ್ನು ಕೊಯ್ಯುವ ಮುನ್ನ ಅದರ ಹಣೆಗೆ ಕುಲದೇವರು ಬೀರಪ್ಪನ ಭಂಡಾರ, ಅಂದರೆ ಅರಿಷಿಣದ ಪುಡಿ, ಹಚ್ಚುವುದು ಅವರ ಮನೆಯ ರೂಢಿ. ಮಲ್ಲಾರಿ ಹಾಗೆ ಹಚ್ಚಿದ ಕೈಯಿಂದಲೇ ತುಂಡು ತೆಗೆಯುತ್ತಿದ್ದ. ಸೂಕ್ಷ್ಮದರ್ಶಕದ ನೀಲಿ ಬೆಳಕಿನಲ್ಲಿ ಅರಿಷಿಣವೂ ಹಸಿರಾಗಿ ಹೊಳೆಯುತ್ತದೆ! ಹೀಗೆ ಏಳು ತಿಂಗಳು, ಎಲ್ಲ ಅಂಗಾಂಶಗಳಲ್ಲೂ ಎರಡೂ ರೂಪ ಇದ್ದಂತೆ ಕಂಡವು. ಬಾಳಕ್ಕನಿಗೆ ನಂಬಿಕೆ ಬರಲಿಲ್ಲ. ಬಣ್ಣವನ್ನೇ ಹಾಕದೆ ಒಂದು ಸ್ಲೈಡ್ ನೋಡಿದಳು. ಅದೂ ಹೊಳೆಯಿತು.

“‘ಮಾಮಾ, ಉಗುರ ತೋರಸು’ ಅಂದ್ರು. ತೋರಸಿದೆ. ಮದ್ಲ ನಕ್ಕರು, ಆಮ್ಯಾಲ ಅತ್ತರು,” ಎನ್ನುತ್ತಾನೆ ಮಲ್ಲಾರಿ, ಸೈಕಲ್ ತಳ್ಳುತ್ತ. “ನನ್ನ ಹೆಸರ ಯಾರ ಮುಂದೂ ತಗೀಲಿಲ್ರಿ. ತಗದಿದ್ರ ನೌಕರಿ ಹೋಗತಿತ್ತು. ಭಂಡಾರ ಬಿಡು ಅಂತನೂ ಅನ್ನಲಿಲ್ಲ. ನಾನ ಬೀರಪ್ಪಗ ಹೇಳಿದೆ, ಕೂಸಿನ ಕೆಲಸ ಮುಗಿಯೂತನಕ ತಡ್ಕೊ ಅಂತ.”

ಅವಳು ಮೊದಲಿನಿಂದ ಶುರು ಮಾಡಿದಳು. ಯಕೃತ್ತಿನಲ್ಲಿ ಎರಡೂ ಕಾಣಲಿಲ್ಲ. ಕರುಳಿನಲ್ಲಿ ಮೊದಲ ರೂಪ ಮಾತ್ರ. ವೃಷಣವೊಂದು ಉಳಿದಿತ್ತು. ಅಷ್ಟರಲ್ಲಿ ಜ್ವರ ಬಂತು.

“ಆ ಏಳ ತಿಂಗಳ ನಾ ತಿಂದೇನ್ರಿ. ಅವು ಇದ್ದಿದ್ರ ಮುಗಿಸೇ ಹೋಗತಿದ್ರು.”

ಅವಳಿಗೆ ಮಾರ್ಗದರ್ಶಕರಾಗಿದ್ದ ಪ್ರಾಧ್ಯಾಪಕ ಅಣ್ಣಾಸಾಹೇಬರು ಈ ಕೆಲಸದ ಆಸೆಯನ್ನೇ ಬಿಟ್ಟಿದ್ದರು. ಮಲ್ಲಾರಿ ಮೂರು ದಿನ ಅವರ ಬಾಗಿಲಲ್ಲಿ ನಿಂತ. “ತುಂಡ ನಾ ತರತೇನ್ರಿ, ನೀವ ನೋಡ್ರಿ,” ಎಂದ. ದೀಪಾವಳಿಗೆ ಫ್ರೀಜರ್ ಖಾಲಿ ಮಾಡಬೇಕು, ಅಲ್ಲಿಯವರೆಗೆ ತಾ ಎಂದು ಅವರು ಒಪ್ಪಿದರು. ಕರೆಂಟು ಹೋದಾಗಲೆಲ್ಲ ಬರ್ಫ ಹೊತ್ತು ತಂದು ಡಬ್ಬಿಗಳ ಸುತ್ತ ಒತ್ತಿದವನು ಇವನೇ. ಮೊಣಕಾಲು ಈಗ ಬಾತಿದೆ. ಮುಖದಲ್ಲಿ ದಣಿವು ಬಿಟ್ಟರೆ ಮತ್ತೇನೂ ಕಾಣುವುದಿಲ್ಲ. ದೀಪಾವಳಿಗೆ ಇನ್ನು ಮೂರೇ ದಿನ.

ಸಂಜೆ ಅಣ್ಣಾಸಾಹೇಬರು ಕೊನೆಯ ಸ್ಲೈಡಿನಿಂದ ಕಣ್ಣು ತೆಗೆಯುತ್ತಾರೆ.

“ಮಾಸ್ತರ, ಮೂವತ್ತರಾಗೂ ಎರಡನೇ ರೂಪ ಐತ್ರಿ. ಬಣ್ಣ ಹಾಕದ್ದು ಪೂರಾ ಕತ್ತಲ. ನಿಮ್ಮ ಮಗಳು ಖರೆ ಹಿಡದಿದ್ಳು.”

ನಾನು ಬಗ್ಗಿ ನೋಡುತ್ತೇನೆ. ಕತ್ತಲೆಯಲ್ಲಿ ಸಣ್ಣ ಸಣ್ಣ ಹಸಿರು ಚುಕ್ಕೆಗಳು. ಮಾಂಸ ಮುಟ್ಟುವ ವಿದ್ಯೆಯೆಂದು, ಅವಳು ಇದ್ದಾಗ ಒಮ್ಮೆಯೂ ನಾನು ಈ ಕೋಣೆಗೆ ಕಾಲಿಟ್ಟಿರಲಿಲ್ಲ.

ಮಲ್ಲಾರಿಯನ್ನು ಕರೆಯುತ್ತೇನೆ. ಅವನು ಬಾಗಿಲ ಬಳಿಯ ಬೆಂಚಿನಿಂದ ಏಳುವುದಿಲ್ಲ.

“ನಾ ನೋಡಿ ಏನ ಮಾಡ್ಲಿ ಮಾಸ್ತರ? ಖರೆ ಅಂದ್ರಲ್ಲ, ಆತು. ಈ ಕೆಲಸ ಅಚ್ಚಾದ ಮ್ಯಾಲ ಒಂದ ಪ್ರತಿ ನನಗ ಕೊಡಸ್ರಿ. ಓದಾಕ ಬರೂದಿಲ್ಲ. ಅಕ್ಕಾರ ಹೆಸರ ಎಲ್ಲೈತಿ, ಬಟ್ಟ ಇಟ್ಟ ತೋರಸ್ರಿ, ಸಾಕು.”

ಶಿವನೇ, ಈ ಮನುಷ್ಯನ ಎದೆಯ ಮೇಲಿನ ಏಳು ತಿಂಗಳ ಭಾರವನ್ನು ಇಳಿಸು. ನನ್ನ ಬಾಳಕ್ಕನ ಕೆಲಸ ಮುಗಿದಿದೆ. ಇನ್ನು ಆ ಕೂಸು ನಿನ್ನ ಮಡಿಲಲ್ಲಿ ನೆಮ್ಮದಿಯಾಗಿ ಮಲಗಲಿ.