ಅಕ್ಕನ ಗಾಯ, ನನ್ನ ಮಾತ್ರೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ರಾಯಚೂರಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಲ್ಯಾಬು ಅಂದರೆ ಒಂದೇ ಕೋಣೆ. ಕಿಟಕಿ ತೆಗೆಯುವಂತಿಲ್ಲ, ಫ್ಯಾನು ಹಾಕುವಂತಿಲ್ಲ. ಧೂಳು ಕೂತರೆ ತಟ್ಟೆಗಳು ಕೆಡುತ್ತವೆ. ರಾಯಚೂರಿನ ಬೇಸಿಗೆಯಲ್ಲಿ ಬಾಗಿಲು ಹಾಕಿಕೊಂಡು, ಎದುರಿಗೆ ಸ್ಪಿರಿಟ್ ದೀಪ ಹಚ್ಚಿಕೊಂಡು ಕೂರುವವನ ಪಾಡು ಯಾರಿಗೂ ಬೇಡ.

ಕೆಲಸ ಮಾತ್ರ ಸರಳ. ಗಾಯದ ಕೀವನ್ನು ಗಾಜಿನ ತಟ್ಟೆಯಲ್ಲಿ ಸವರಿ, ಬೇರೆ ಬೇರೆ ಔಷಧಿ ಹೀರಿಕೊಂಡ ಕಾಗದದ ಬಿಲ್ಲೆಗಳನ್ನು ಅದರ ಮೇಲಿಡಬೇಕು. ಮರುದಿನ ಬಿಲ್ಲೆಯ ಸುತ್ತ ತಿಳಿಯಾದ ಉಂಗುರ ಮೂಡಿದ್ದರೆ ಆ ಔಷಧಿ ರೋಗಾಣುವನ್ನು ಕೊಂದಿದೆ. ಬಿಲ್ಲೆಯ ಅಂಚಿನವರೆಗೂ ಮಸುಕಾಗಿ ಬೆಳೆದಿದ್ದರೆ ರೋಗಾಣು ಆ ಔಷಧಿಗೆ ಜಗ್ಗಿಲ್ಲ. ಉಂಗುರಗಳು ವರ್ಷದಿಂದ ವರ್ಷಕ್ಕೆ ಸಣ್ಣವಾಗುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೆ. ದೇವದುರ್ಗದ ಕಡೆಯಿಂದ ಬಂದವರ ಪಟ್ಟಿ ಬಿಚ್ಚಿದರೆ ಹುಣ್ಣಿನ ಮೇಲೆ ಹಳದಿ ಪುಡಿ ಹೆಪ್ಪುಗಟ್ಟಿರುತ್ತಿತ್ತು. ನುಂಗುವ ಕ್ಯಾಪ್ಸೂಲ್ ಮಾತ್ರೆಯ ಟೊಪ್ಪಿಗೆ ತೆಗೆದು ಗಾಯಕ್ಕೆ ಉದುರಿಸುವುದು ನಮ್ಮ ಕಡೆಯ ವೈದ್ಯ. "ಅರಿಶಿಣ ಅನ್ಕೊಂಡೀರೇನ್ರಿ ಇದನ್ನ?" ಎಂದು ರೇಗುತ್ತಿದ್ದೆ. ಅರೆಬರೆ ಔಷಧಿ ತಾಗಿದ ರೋಗಾಣು ಸಾಯುವುದಿಲ್ಲ, ಅದಕ್ಕೆ ಪಳಗಿಬಿಡುತ್ತದೆ. ಊರಿಗೆಲ್ಲ ಬುದ್ಧಿ ಹೇಳುವುದರಲ್ಲಿ ನಾನು ಮುಂದು.

ಮಾನ್ವಿಯಲ್ಲಿ ನನ್ನ ಅಕ್ಕ ಇದ್ದಳು. ಅವ್ವ ತೀರಿಹೋದ ಮೇಲೆ ಹೊಲಿಗೆ ಮಷೀನು ತುಳಿದು ನನ್ನನ್ನು ಓದಿಸಿದವಳು. ಅವಳಿಗೆ ಸಕ್ಕರೆ ಕಾಯಿಲೆ, ಪಾದಕ್ಕೆ ಆಗಾಗ ಹುಣ್ಣು. ಬರಿಗೈಯಲ್ಲಿ ಹೇಗೆ ಹೋಗುವುದೆಂದು, ಕಂಪನಿಯವರು ಡಾಕ್ಟರರಿಗೆ ಕೊಟ್ಟ ಸ್ಯಾಂಪಲ್ ಮಾತ್ರೆಗಳನ್ನು ಪ್ರತಿ ಸಲ ಜೇಬು ತುಂಬ ಒಯ್ಯುತ್ತಿದ್ದೆ. ದಿನಕ್ಕೆಷ್ಟು ಎಂದು ಬಾಯಲ್ಲಿ ಹೇಳಿ ಮುಂದಿನ ಬಸ್ಸಿಗೆ ವಾಪಸ್ಸು.

ಒಂದು ವೈಶಾಖದಲ್ಲಿ ಅವಳೇ ಬಸ್ಸಿಳಿದು ಕುಂಟುತ್ತ ಆಸ್ಪತ್ರೆಗೆ ಬಂದಳು. ಮಷೀನು ತುಳಿಯುವ ಬಲಗಾಲು ಹಿಮ್ಮಡಿಯಿಂದ ಮೀನಖಂಡದವರೆಗೆ ಬಾತುಕೊಂಡಿತ್ತು. ಪಟ್ಟಿ ಬಿಚ್ಚಿದೆ. ಒಳಗೆ ಹಳದಿ ಪುಡಿ.

"ನೀ ಕೊಟ್ಟ ಗುಳಿಗೀನ ತಮ್ಮಾ," ಎಂದಳು. "ಎರಡು ನುಂಗೀನಿ, ಉಳಿದದ್ದು ಬಿಚ್ಚಿ ಹಾಕೀನಿ. ಓಣ್ಯಾಗ ಎಲ್ಲಾರಿಗೂ ಕೊಟ್ಟೀನಿ. ನಿನ್ನ ಔಷಧ ಅಂದ್ರ ಭಾಳ ಹೆಸರದ."

ಡಾಕ್ಟರು ನೋಡಿದರು. ಔಷಧಿ ಹತ್ತದಿದ್ದರೆ ಮೊಣಕಾಲ ಕೆಳಗೆ ಕತ್ತರಿಸಬೇಕು ಎಂದು ನನಗಷ್ಟೇ ಹೇಳಿದರು.

ಮಾರನೆಯ ದಿನ ಅವಳ ಕೀವು ಸವರಿಟ್ಟಿದ್ದ ತಟ್ಟೆ ತೆಗೆದೆ. ನಾನು ಜೇಬಲ್ಲಿ ಒಯ್ದಿದ್ದ ಔಷಧಿಯ ಬಿಲ್ಲೆಗೆ ಉಂಗುರವೇ ಇಲ್ಲ. ಪಕ್ಕದ್ದಕ್ಕೂ ಇಲ್ಲ, ಅದರ ಪಕ್ಕದ್ದಕ್ಕೂ ಇಲ್ಲ. ತಟ್ಟೆ ತಿರುಗಿಸಿ ತಿರುಗಿಸಿ ನೋಡಿದೆ. ಬಾಗಿಲ ಹೊರಗೆ ಡಾಕ್ಟರು ರಿಪೋರ್ಟಿಗೆ ಕಾಯುತ್ತಿದ್ದರು. ಹೊರಗೆ ಹೋದರೆ ಹೇಳಬೇಕು, ಒಳಗಿದ್ದರೆ ತಟ್ಟೆ ನೋಡಬೇಕು. ನನ್ನ ಕೈಯಾರೆ ಮಾಡಿದ್ದನ್ನು ನನ್ನ ಕೈಯಾರೆ ಬರೆಯಬೇಕಾಗಿತ್ತು.

ಕೊನೆಯ ಬಿಲ್ಲೆಗೊಂದು ಉಂಗುರವಿತ್ತು. ಹೈದರಾಬಾದಿನಿಂದ ತರಿಸಬೇಕಾದ ಇಂಜೆಕ್ಷನ್.

"ಕಾಲು ಉಳೀಬಹುದು," ಎಂದರು ಡಾಕ್ಟರು. "ಆದ್ರ ಈ ಇಂಜೆಕ್ಷನ್ನಿಗೆ ಕಿವಿ ಹೋಗಬಹುದು. ಅಕ್ಕನ್ನ ಕೇಳ್ರಿ."

ಕೇಳಿದೆ. "ಕಿವಿಯಿಂದ ಮಷೀನು ತುಳೀತಾರೇನು? ಹಾಕಿಸು," ಎಂದಳು. ಬೇರೆ ಔಷಧಿಗಳು ಯಾಕೆ ಹತ್ತಲಿಲ್ಲವೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಾಲು ಉಳಿಯಿತು. ಮಾನ್ವಿಗೆ ಹೊರಡುವ ದಿನ ಅವಳ ಮಂಚದ ಪಕ್ಕ ಕೂತು, ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡೆ. ನನ್ನ ಮಾತ್ರೆಗಳೇ ಇಷ್ಟಕ್ಕೆ ತಂದದ್ದು, ತಪ್ಪು ನನ್ನದು ಎಂದೆ.

"ಜೋರಾಗಿ ಹೇಳೋ," ಎಂದಳು. "ಈ ಫ್ಯಾನಿನ ಸಪ್ಪಳದಾಗ ಏನೂ ಕೇಳಾಕತ್ತಿಲ್ಲ."

ಕರೆಂಟು ಹೋಗಿ ಫ್ಯಾನು ನಿಂತು ಎಷ್ಟೋ ಹೊತ್ತಾಗಿತ್ತು. ಕೂಗಿ ಹೇಳಿದರೆ ಇಡೀ ವಾರ್ಡು ಕೇಳುತ್ತಿತ್ತು. ನಾನು ಹೇಡಿ, ಸುಮ್ಮನಾದೆ.

ಅಕ್ಕ ನನ್ನ ಜೇಬು ಮುಟ್ಟಿ ನೋಡಿದಳು. "ಗುಳಿಗಿ ತಂದಿಯಿಲ್ಲೋ? ಬಾಜೂ ಮನಿಯಾಕಿ ಕಾಲಿಗೆ ಮುಳ್ಳು ನಟ್ಟೇದ. ನಿನ್ನ ಹಾದಿ ಕಾಯಾಕತ್ತಾಳ."